ಅರೆಯೋ ಕಲ್ಲಿನ ಮೇಲೆ ಏನಿತ್ತು

"ಅವತ್ತು ಅರೆಯೋ ಕಲ್ಲಿನ ಮೇಲೆ ಏನಿತ್ತು ಅಂತ ಜೀವ ಹೋದ್ರೂ ಯಾರಿಗೂ ಹೇಳ್ಬ್ಯಾಡ ಕೂಸೇ" ಅಂತ ನಮ್ಮಜ್ಜಿ ನನ್ನ ಕೈಲಿ ಆಣೆ ಹಾಕಿಸ್ಕಂಡಿದ್ಲು. ನಾನು ಮೊದ್ಲೇ ಬಾಯಿ ಬಿಡೋಳಲ್ಲ. ಕ್ಲಾಸಲ್ಲಿ ಉತ್ತರ ಗೊತ್ತಿದ್ರೂ ಬೆಂಚು ನೋಡ್ಕಂಡು ನಿಂತ್ಕತೀನಿ. ಇವತ್ತೇ ಮೊದ್ಲು, ಅದೂ ಬರೆದು ಹೇಳ್ತಿರೋದು. ಅಜ್ಜಿಗೆ ಓದಕ್ಕೆ ಬರಲ್ಲ, ಆ ಧೈರ್ಯ.

ಬಿಸಿಲೆ ಕಾಡಿನಂಚಲ್ಲಿ ನಮ್ಮೋರದು ಏಳು ಮನೆ. ಪ್ಯಾಟೆಯೋರು ನಮ್ಮನ್ನ ಕಾಡುಜನ ಅಂತಾರೆ. ಆಸ್ಪತ್ರೆಗೂ ನಮಗೂ ವಾರಕ್ಕೊಂದಾದ್ರೂ ಜಟಾಪಟಿ ಆಗ್ತಾನೇ ಇರುತ್ತೆ. ಹಂಗಂತ ಸೂಜಿ ಬ್ಯಾಡ, ಮಾತ್ರೆ ಬ್ಯಾಡ ಅಂತ ನಾವ್ಯಾವತ್ತೂ ಅಂದಿಲ್ಲ. ಬ್ಯಾಡ ಅಂದಿದ್ದು ನಮ್ಮ ಚಿಕ್ಕಮ್ಮ, ಅದೂ ಒಂದೇ ಒಂದಕ್ಕೆ. ಅವಳಿಗೆ ಎರಡು ಮಕ್ಳು, ಇನ್ನೊಂದು ಬೇಕು ಅಂತ ಆಸೆ. ಮಕ್ಕಳಾಗದಂಗೆ ಆಪರೇಷನ್ ಮಾಡಿಸ್ಕ ಅಂತ ನರ್ಸಮ್ಮ ಅವಳ ಹಿಂದೆ ಬಿದ್ದಿದ್ರು.

ಮಾತ್ರೆ ಪಾಲು

ತಾತಂಗೆ ಚಳಿಜ್ವರ ಬಂದಿತ್ತು. ನರ್ಸಮ್ಮ ಒಂದು ಪೊಟ್ಟಣ ಮಾತ್ರೆ ಕೊಟ್ಟು "ದಿನಕ್ಕೆ ಮೂರು, ಒಂದೂ ಬಿಡಂಗಿಲ್ಲ" ಅಂತ ಹೇಳಿಹೋದ್ರು. ನಮ್ಮಲ್ಲಿ ಜೇನು ಬರ್ಲಿ, ಏಡಿ ಬರ್ಲಿ, ಏಳು ಪಾಲು ಮಾಡ್ದೆ ಯಾರೂ ಬಾಯಿಗಿಡಲ್ಲ. ಅಜ್ಜಿ ಮಾತ್ರೆನೂ ಮೊರಕ್ಕೆ ಸುರಿದು ಏಳು ಪಾಲು ಮಾಡಿದ್ಲು. "ಅಜ್ಜಿ, ಇದು ಹಂಗಲ್ಲ" ಅನ್ನೋಕೆ ನಾನು ಧೈರ್ಯ ಮಾಡ್ಕಳೋ ಹೊತ್ತಿಗೆ ಪಕ್ಕದ ಮನೆಯೋರು ಮಾತ್ರೆ ನುಂಗಿ ನೀರು ಕುಡೀತಿದ್ರು.

ಎರಡು ದಿನ ಬಿಟ್ಟು ನರ್ಸಮ್ಮ ಬಂದ್ರು. ತಾತ ಇನ್ನೂ ನಡುಗ್ತಾ ಮಲಗಿದ್ದ.

"ಜ್ವರ ಒಬ್ರಿಗೆ. ಮಾತ್ರೆ ಎಲ್ರೂ ತಿಂದ್ರಾ?"

"ಅವ್ರೆಲ್ಲಾ ನೋಡ್ತಾ ಕುಂತಿರುವಾಗ ಇವ್ನೊಬ್ನೇ ನುಂಗಿದ್ರೆ ದಕ್ತದಾ ನರ್ಸಮ್ಮ?" ಅಂದ್ಲು ಅಜ್ಜಿ.

ನರ್ಸಮ್ಮ ತಲೆ ಚಚ್ಕಂಡ್ರು. ಇನ್ನೊಂದು ಪೊಟ್ಟಣ ತಂದು, ದಿನಾ ಬಂದು ಎದುರಿಗೇ ನಿಂತು ನುಂಗಿಸಿದ್ರು. ತಾತ ಎದ್ದು ಓಡಾಡಿದ. ಸುಳ್ಳು ಯಾಕೆ ಹೇಳ್ಲಿ, ಬದುಕಿಸಿದ್ದು ಅವ್ರೇ.

ಅಜ್ಜಿನೂ ಏಳು ಮನೆಯೋರ ಮುಂದೆ ಒಪ್ಕಂಡ್ಲು. "ಆಯಮ್ಮ ಒಳ್ಳೇಳೇ ಕಣ್ರೋ. ಹಂಚಿ ತಿನ್ನೋದು ಮನೇಲಿ ಕಲ್ಸಿಲ್ಲ, ಅಷ್ಟೆಯ."

ಸುಮ್ಕಿದ್ದ ತಪ್ಪು

ಮದ್ದಿನ ಬೇರು ತರೋಕೆ ನಮ್ಮಲ್ಲೊಂದು ಕಟ್ಟು ಐತೆ. ಬೇರು ಕಿತ್ತಾಗಿಂದ ಅರೆದು ಮುಗಿಸೋ ತನಕ ಬಾಯಿ ಬಿಡಂಗಿಲ್ಲ. ಯಾರು ಕರೆದ್ರೂ ಓ ಅನ್ನಂಗಿಲ್ಲ. ಬಾಯಿ ಬಿಟ್ರೆ ಮದ್ದು ಸೋತೋಗುತ್ತೆ.

ಒಂದಿನ ಅಜ್ಜಿ, ಚಿಕ್ಕಮ್ಮ, ನಾನು ಬೇರು ಹಿಡ್ಕಂಡು ಬರ್ತಿದ್ವಿ. ದಾರೀಲಿ ನರ್ಸಮ್ಮ ಎದುರಾದ್ರು, ಕೈಲಿ ರಿಜಿಸ್ಟರ್.

"ಏನಮ್ಮ, ಆಪರೇಷನ್ ವಿಷ್ಯ ಏನ್ ಮಾಡ್ದೆ?"

ಚಿಕ್ಕಮ್ಮ ನೆಲ ನೋಡಿದ್ಲು.

"ಮುಂದಿನ ತಿಂಗಳು ಕ್ಯಾಂಪ್ ಐತೆ. ಬರ್ತೀಯಾ?"

ಚಿಕ್ಕಮ್ಮ ಆಕಾಶ ನೋಡಿದ್ಲು. ಕತ್ತಿನ ನರ ಉಬ್ಬಿದ್ವು.

"ನಾಚ್ಕಂಬ್ಯಾಡ. ಸುಮ್ಕಿದೀಯ ಅಂದ್ರೆ ಒಪ್ಪಿದಂಗೇ" ಅಂತ ನರ್ಸಮ್ಮ ಅಲ್ಲೇ ಹೆಸರು ಬರ್ಕಂಡು ನಗ್ತಾ ಹೋಗ್ಬುಟ್ರು.

ಮನೇಲಿ ಬೇರು ಅರೆದು ಮುಗೀತಿದ್ದಂಗೆ ಚಿಕ್ಕಮ್ಮ ಬಾಯಿ ತೆಗೆದ್ಲು ನೋಡಿ! ಮರದ ಮೇಲಿನ ಹಕ್ಕಿ ಹಾರೋದ್ವು. ಅಷ್ಟೊತ್ತಿಗೆ ನರ್ಸಮ್ಮ ಬಸ್ ಹತ್ತಿ ಆಗಿತ್ತು. ಹಂಗಾಗಿ ಬೈಗುಳನೂ ಏಳು ಮನೆಗೆ ಸಮ ಪಾಲಾಯ್ತು.

ಡಾಕ್ಟ್ರ ಕಾಲು

ಪುಟ್ಟ ಮಕ್ಳಿಗೆ ಸೂಜಿ ಹಾಕಕ್ಕೆ ಬಂದ ಡಾಕ್ಟ್ರು ನಮ್ಮ ಹಳ್ಳದ ಕಲ್ಲಿನ ಮೇಲೆ ಜಾರಿ ಕಾಲು ಉಳುಕಿಸ್ಕಂಡ್ರು. ಅಜ್ಜಿ ಬೇರು ತಂದು, ಬಾಗಿಲು ಹಾಕ್ಕಂಡು ಅರೆದು, ಪಟ್ಟು ಕಟ್ಟಿದ್ಲು. ಮುಂದಿನ ವಾರ ಡಾಕ್ಟ್ರು ಕುಂಟದೆ ಬಂದ್ರು.

"ಅಜ್ಜಿ, ಆ ಬೇರಿನ ಹೆಸರೇನು?"

ಅಜ್ಜಿ, ಹಿಂದೊಂದ್ಸಲ ತಾತಂಗೆ ಡಾಕ್ಟ್ರೇ ಬರ್ಕೊಟ್ಟಿದ್ದ ಹಳೇ ಮದ್ದಿನ ಚೀಟಿ ತಂದು ನನ್ನ ಕೈಗೆ ಕೊಟ್ಲು. "ಓದು ಕೂಸೇ."

ನಾನು ತಿರುಗಿಸಿ ಮುರುಗಿಸಿ ನೋಡ್ದೆ. ಒಂದಕ್ಷರನೂ ಬಗೆಹರೀಲಿಲ್ಲ.

"ನಮ್ಮ ಏಳು ಮನೇಲಿ ಓದೋಳು ಇವ್ಳೊಬ್ಳು. ಇವ್ಳಿಗೂ ತಿಳೀದಂಗೆ ನಿಮ್ಮ ಮದ್ದಿನ ಹೆಸರು ಮುಚ್ಚಿಟ್ಟಿದೀರಿ. ನಾನೇನ್ ದಡ್ಡೀನಾ ಸ್ವಾಮಿ?"

ಡಾಕ್ಟ್ರು ಜೋರಾಗಿ ನಕ್ಕರು. ನಗ್ತಿದಾರಲ್ಲ ಅಂತ ಚಿಕ್ಕಮ್ಮ ಮುಂದೆ ಬಂದ್ಲು. "ಆಪರೇಷನ್ನಿಗೆ ನಾನು ಒಪ್ಪಿಲ್ಲ. ನನ್ನ ಹೆಸರು ಹೊಡೆದಾಕ್ರಿ."

ಡಾಕ್ಟ್ರ ನಗು ನಿಂತೋಯ್ತು. "ಲಿಸ್ಟು ಮೇಲಿನೋರಿಗೆ ಹೋಗೈತಮ್ಮ. ಕ್ಯಾಂಪಿಗೆ ಕರ್ಕಂಡೋಗಕ್ಕೆ ಬುಧವಾರ ಜೀಪು ಬರುತ್ತೆ."

"ಬಾಯಿ ಬಿಡ್ದಿದ್ರೆ ಒಪ್ಪಿದಂಗೆ ಅಂತೀರಿ. ಬಾಯಿ ಬಿಟ್ರೆ ಲಿಸ್ಟು ಹೋಗೈತೆ ಅಂತೀರಿ. ನನ್ನ ಹೊಟ್ಟೆ ಎಲ್ಲೂ ಹೋಗಿಲ್ಲ ಡಾಕ್ಟ್ರೇ, ಇಲ್ಲೇ ಐತೆ!"

ಡಾಕ್ಟ್ರು ಉತ್ತರ ಕೊಡ್ಲಿಲ್ಲ. ಅಜ್ಜಿ ನನ್ನ ಕಿವೀಲಿ ಅಂದ್ಲು, "ಸುಮ್ಕವ್ರೆ. ಒಪ್ಪಿದಂಗೇ ಅಲ್ವಾ? ಬರ್ಕ."

ಬುಧವಾರ

ಜೀಪಿನ ಸದ್ದು ತಿರುವಲ್ಲಿ ಕೇಳ್ತಿದ್ದಂಗೆ ಅಜ್ಜಿ ಚಿಕ್ಕಮ್ಮನ್ನ, ಮಕ್ಕಳನ್ನ, ನನ್ನ, ಎಲ್ಲರನ್ನೂ ಒಳಗೆ ದಬ್ಬಿ ಬಾಗಿಲು ಹಾಕಿದ್ಲು. ಅರೆಯೋ ಕಲ್ಲಿನ ಮುಂದೆ ಕುಂತು ಗುಂಡುಕಲ್ಲು ಎಳೆಯಕ್ಕೆ ಶುರು ಮಾಡಿದ್ಲು. ಗರ್‌... ಗರ್‌... ನಾನು ಬಾಗಿಲ ಬಿರುಕಿಗೆ ಕಣ್ಣಿಟ್ಟೆ.

ಡಾಕ್ಟ್ರ ಜೊತೆ ಜೀಪಿಂದ ಇಳಿದ ನರ್ಸಮ್ಮ ಬಾಗಿಲು ತಟ್ಟಿದ್ರು. "ಬಾರಮ್ಮ, ಮಧ್ಯಾಹ್ನಕ್ಕೆ ಕ್ಯಾಂಪ್ ಮುಗಿಯುತ್ತೆ!"

ಗರ್‌... ಗರ್‌...

"ಮದ್ದು ಅರೀತಾವ್ರೆ ಸಾರ್. ಮುಗಿಯೋ ತನಕ ಓ ಅನ್ನಲ್ಲ" ಅಂದ್ರು ನರ್ಸಮ್ಮ ಡಾಕ್ಟ್ರಿಗೆ. ಡಾಕ್ಟ್ರ ಕಾಲಿಗೆ ಪಟ್ಟು ಕಟ್ಟಿದ ದಿನ ನಮ್ಮ ಕಟ್ಟು ಅವ್ರಿಗೂ ತಿಳಿದಿತ್ತು.

ಡಾಕ್ಟ್ರು ತಮ್ಮ ಕಾಲು ನೋಡ್ಕಂಡ್ರು. "ಕಾಯೋಣ ಬಿಡಿ. ಮದ್ದು ಕೆಡಿಸೋದು ಬ್ಯಾಡ."

ಕಾದ್ರು. ಬಿಸಿಲು ನೆತ್ತಿಗೆ ಬಂತು, ಕ್ಯಾಂಪ್ ಮುಗಿಯೋ ಹೊತ್ತಾಯ್ತು. ಇನ್ನೂ ಕಾದ್ರು. ಕಲ್ಲಿನ ಮೇಲೆ ಇದ್ದಿದ್ದು ಬೇರಲ್ಲ. ಹುರಿದ ಒಣ ಸೀಗಡಿ, ಸೂಜಿ ಮೆಣಸು, ಹುಣಸೆಹಣ್ಣು, ಉಪ್ಪು. ಚಟ್ನಿ. ನುಣ್ಣಗಾದಂಗೆಲ್ಲಾ ಅಜ್ಜಿ ಮತ್ತೊಂದು ಹಿಡಿ ಸೀಗಡಿ ಹಾಕೋಳು. ಚಿಕ್ಕಮ್ಮ ಬೆರಳಲ್ಲಿ ನೆಕ್ಕಿ, ಉಪ್ಪು ಸಾಲ್ದು ಅಂತ ಕೈಸನ್ನೆ ಮಾಡಿದ್ಲು. ನಗು ತಡೀಲಾರ್ದೆ ಸೆರಗು ಬಾಯಿಗೆ ತುರುಕಿದ್ಲು. ಕಣ್ಣಲ್ಲಿ ಮಾತ್ರ ನೀರಿತ್ತು. ಮೆಣಸಿಂದೇ ಇರ್ಬೇಕು.

ವಾಸನೆ ಬಾಗಿಲ ಸಂದೀಲಿ ಆಚೆ ಹೋಯ್ತು. ಡಾಕ್ಟ್ರು ಮೂಗು ಮೇಲೆತ್ತಿದ್ರು. "ಸಿಸ್ಟರ್, ಈ ಮದ್ದು ಗಂಜಿ ಜೊತೆ ಚೆನ್ನಾಗಿರುತ್ತೆ ಅಲ್ವಾ?"

ನರ್ಸಮ್ಮಂಗೆ ಎಲ್ಲಾ ಹೊಳೆದುಬುಡ್ತು. ದಡದಡ ಬಾಗಿಲು ಬಡಿದ್ರು. "ಅಜ್ಜೀ! ಇದು ಚಟ್ನಿ ಕಣಜ್ಜೀ! ತೆಗೀರಿ!"

ಗರ್‌... ಗರ್‌...

"ಏ ಓದೋ ಹುಡ್ಗೀ, ನೀನಿದೀಯ ಅಂತ ಗೊತ್ತು ಕಣೇ! ನೀನಾದ್ರೂ ಹೇಳೇ, ಒಳಗೆ ಏನು ಅರೀತಾವ್ರೆ?"

ಈ ಪ್ರಶ್ನೆಗೂ ಉತ್ತರ ನಂಗೆ ಗೊತ್ತಿತ್ತು. ಕ್ಲಾಸಲ್ಲಿ ನಿಂತ್ಕಂಡಂಗೇ ನೆಲ ನೋಡ್ಕಂಡು ನಿಂತ್ಕಂಡೆ. ಚಿಕ್ಕಮ್ಮ ಬಂದು ನನ್ನ ಕೈ ಹಿಡ್ಕಂಡ್ಲು.

ಬಾಗಿಲು ಬಡೀತಾನೇ ಇದ್ರು. ಒಳಗಿಂದ ಒಬ್ರೂ ಓ ಅನ್ನಲಿಲ್ಲ.