ಬೋರಪ್ಪನ ತೋಳು, ಮೂರ್ತಿಯ ಬಿ.ಪಿ.

ಅಂಜಿನಮೂರ್ತಿಯ ಹೊಟ್ಟೆ ಯಾವಾಗಲೂ ಅವನಿಗಿಂತ ಒಂದು ಹೆಜ್ಜೆ ಮುಂಚೆ ಮನೆಯೊಳಗೆ ಬರುತ್ತಿತ್ತು. ಅದನ್ನು ನೋಡಿ ನೋಡಿ ಹೆದರಿದ್ದ ಹೆಂಡತಿ ಪುಟ್ಟಕ್ಕ ಆ ಭಾನುವಾರ ಷರತ್ತು ಹಾಕಿದಳು: "ಇಸ್ಕೂಲ್‌ತಾವ ಬಿ.ಪಿ. ಕ್ಯಾಂಪ್ ಐತೆ. ಚೀಟಿ ತಂದು ತೋರ್ಸು. ಜಾಸ್ತಿ ಬಂದಿದ್ರೆ ಉಪ್ಪಿನಕಾಯಿ, ಬಾಡು ಎಲ್ಲಾ ಬಂದ್."

ಒಲೆಯ ಮೇಲೆ ಕುರಿಬಾಡು ಬೇಯುತ್ತಿತ್ತು. ಇಂಥ ಹೊತ್ತಿನಲ್ಲಿ ಅಪಾಯಕ್ಕೆ ತೋಳು ಕೊಡಲು ಮೂರ್ತಿ ದಡ್ಡನೇ? ಕ್ಯಾಂಪ್ ನಡೆಸುತ್ತಿದ್ದ, ಮಿಡಿಗೇಶಿ ಊರಿಗೆ ಹೊಸದಾಗಿ ಬಂದ ನರ್ಸ್ ವೇದಾವತಿಗೆ ಯಾರ ಮುಖವೂ ಗೊತ್ತಿರಲಿಲ್ಲ. ಪುಟ್ಟಕ್ಕನ ತಮ್ಮ ಬೋರಪ್ಪ ದಿನವಿಡೀ ಕುರಿಗಳ ಹಿಂದೆ ಬೆಟ್ಟ ಸುತ್ತುವ ಕಡ್ಡಿಮೈಯ ಆಳು; ಅವನಿಗೆಲ್ಲಿಯ ಬಿ.ಪಿ.? ಮೂರ್ತಿ ಅವನ ಕೈಗೆ ಒಂದು ಕಟ್ಟು ಬೀಡಿ ತುರುಕಿ, "ನನ್ನೆಸ್ರೇಳಿ ತೋಳು ಚಾಚಿ ಬಾರ್ಲಾ" ಎಂದು ಅಟ್ಟಿದ.

ಅರ್ಧ ಗಂಟೆಗೆ ಶಾಲೆಯ ಮೈಕು ಕಿರುಚಿತು: "ಅಂಜಿನಮೂರ್ತಿಯವ್ರೇ, ಎಲ್ಲಿಗೆ ಓಡ್ಹೋದ್ರಿ? ಬಿ.ಪಿ. ನೂರ ತೊಂಬತ್ತಿದೆ, ವಾಪಸ್ ಬನ್ನಿ!"

ಬೀದಿಗೆ ಬೀದಿಯೇ ಮನೆಗೆ ನುಗ್ಗಿತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮಲ್ಲಿಕಾರ್ಜುನಯ್ಯ ಮೂರ್ತಿಯನ್ನು ಚಾಪೆಯ ಮೇಲೆ ಕೆಡವಿ, "ಅಲುಗಾಡ್ಬೇಡ, ಸ್ಟ್ರೋಕ್ ಹೊಡೆದ್ರೆ ಬಾಯಿ ಸೊಟ್ಟಗಾಗುತ್ತೆ" ಎಂದರು. ಎದುರುಮನೆಯ ಚಿಕ್ಕಹನುಮಕ್ಕ "ಇದು ಕಣ್ಣಿಗೇ ಬೀಳ್ಬಾರ್ದು ಕಣಮ್ಮ" ಎನ್ನುತ್ತ ಉಪ್ಪಿನಕಾಯಿ ಜಾಡಿಯನ್ನು ತನ್ನ ಮನೆಗೆ ಸಾಗಿಸಿದಳು. ಹಾಳಾಗಬಾರದೆಂದು ಬಾಡನ್ನು ಬೀದಿಯವರೇ ಕೂತು ಮುಗಿಸಿದರು. ಮೂರ್ತಿಗೆ ಸಿಕ್ಕಿದ್ದು ಉಪ್ಪಿಲ್ಲದ ರಾಗಿ ಅಂಬಲಿ.

ಬೋರಪ್ಪನೂ ಬಾಗಿಲಲ್ಲಿ ಕೂತು ಮೂಳೆ ಚೀಪುವುದನ್ನು ಕಂಡಾಗ ಮೂರ್ತಿಗೆ ತಡೆಯಲಾಗಲಿಲ್ಲ. "ಆ ಬಿ.ಪಿ. ನಂದಲ್ಲ ಕಣೇ, ಅವುಂದು!"

ಪುಟ್ಟಕ್ಕ ಇಬ್ಬರನ್ನೂ ಕ್ಯಾಂಪಿಗೆ ದರದರ ಎಳೆದೊಯ್ದಳು. ಮೂರ್ತಿಯ ತೋಳಿಗೆ ಪಟ್ಟಿ ಸುತ್ತಿದ ವೇದಾವತಿ, "ನೂರ ಇಪ್ಪತ್ತು, ಎಂಬತ್ತು. ಸರಿಯಾಗೇ ಇದೆ" ಎಂದಳು. ಮೂರ್ತಿ ಕುಣಿಯುವುದೊಂದು ಬಾಕಿ. ಬೋರಪ್ಪನದು ಮತ್ತೆ ನೂರ ತೊಂಬತ್ತು.

"ನಂಗೇನೂ ನೋವೇ ಇಲ್ವಲ್ಲಮ್ಮ?"

"ಅದೇ ಅಪಾಯ. ಸದ್ದಿಲ್ದೆ ಹೃದಯಕ್ಕೋ ಮಿದುಳಿಗೋ ಹೊಡೆಯುತ್ತೆ. ಇವತ್ತೇ ಡಾಕ್ಟರ್ ಹತ್ರ ಹೋಗಿ. ಬೀಡಿ ಬಿಡಿ, ಉಪ್ಪು ಕಮ್ಮಿ ಮಾಡಿ. ಮನೇಲಿ ಅಡುಗೆ ಯಾರು ಮಾಡ್ತಾರೆ?"

"ಹೆಂಡ್ತಿ ತೀರ್ಕೊಂಡ್ಲು, ನಾನೇ ಬೇಯಿಸ್ಕಂತೀನಿ" ಎಂದ ಬೋರಪ್ಪ. ಪುಟ್ಟಕ್ಕನ ಕಣ್ಣು ತುಂಬಿ ಬಂತು. "ನಾನು ಮಾಡ್ತೀನಿ. ಇವತ್ತಿಂದ ನಮ್ಮನೇಲೇ ಇರ್ತಾನೆ."

ಮೂರ್ತಿಯೂ ಬಾಮೈದನ ಹೆಗಲು ತಟ್ಟಿದ. "ಇರ್ಲಿ ಬುಡು, ಪಾಪ. ನಂಗೊಂದು ಬೇರೆ ಸಾರು ಮಾಡು, ಸಾಕು."

"ಎರಡೆರಡು ಸಾರು ಮಾಡಕ್ಕೆ ನಾನೇನು ಓಟ್ಲು ಇಟ್ಟಿದೀನಾ? ಅವ್ನು ಉಂಡಿದ್ದೇ ನೀನೂ ಉಣ್ಣು!"

ಅಂದಿನಿಂದ ನೂರ ಇಪ್ಪತ್ತರ ಚೀಟಿ ಜೇಬಿನಲ್ಲಿಟ್ಟುಕೊಂಡೇ ಅಂಜಿನಮೂರ್ತಿ ಸಪ್ಪೆ ಸಾರು ಉಣ್ಣುತ್ತಿದ್ದಾನೆ.