ಹಚ್ಚಿ ನೋಡಿ ತಂದ ಪ್ರೊ ಎಡಿಷನ್

ಹಚ್ಚಿ ನೋಡದೆ ಯಾವ ವಸ್ತುವನ್ನೂ ಮನೆಗೆ ತರಬಾರದು ಎಂಬ ತತ್ವವೊಂದೇ ಅಪ್ಪನಿಂದ ನನಗೆ ಬಂದ ಪಿತ್ರಾರ್ಜಿತ. ಮಸ್ಕಿಯ ಬಜಾರಿನಲ್ಲಿ ಅವರು ಒಂದು ಬಲ್ಬು ಕೊಂಡರೆ ಅದನ್ನು ಅಂಗಡಿಯ ಹೋಲ್ಡರಿಗೇ ಸಿಕ್ಕಿಸಿ ಉರಿಸಿ, ಆರಿಸಿ, ಮತ್ತೆ ಉರಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ ಆಮೇಲೆ ತರುತ್ತಿದ್ದರು. ಕೊಡವನ್ನು ಬೆರಳಿನಿಂದ ಬಾರಿಸುತ್ತಿದ್ದರು. ಛತ್ರಿಯನ್ನು ಅಂಗಡಿಯೊಳಗೇ ಬಿಚ್ಚಿ ಪಕ್ಕದ ಗಿರಾಕಿಯ ರುಮಾಲು ಬೀಳಿಸುತ್ತಿದ್ದರು. ನನಗೆ ಹೆಣ್ಣು ನೋಡಲು ಪಾಮನಕಲ್ಲೂರಿಗೆ ಹೋದಾಗಲೂ ಅವರು ಸುಮ್ಮನಿರಲಿಲ್ಲ. ಹುಡುಗಿ ಗಣಿತದಲ್ಲಿ ಬಹಳ ಜಾಣೆ ಎಂದು ಆ ಕಡೆಯವರು ಹೇಳಿದ್ದೇ ತಡ, ಅಣ್ಣತಮ್ಮಂದಿರ ಹೊಲದ ಪಾಲಿನದೊಂದು ತೊಡಕಿನ ಲೆಕ್ಕ ಒಡ್ಡಿದರು. ಗಿರಿಜಾ ಚಹಾದ ತಟ್ಟೆ ಕೆಳಗಿಡುವುದರೊಳಗೆ ಉತ್ತರ ಹೇಳಿಬಿಟ್ಟಳು. ನಾನು ಮೂಲೆಯಲ್ಲಿ ಕೂತು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಿದ್ದೆ.

ಈಗ ಹೇಳಹೊರಟಿರುವುದು ಆ ಗಿರಿಜಾಳ ನೌಕರಿಯ ಪ್ರಸಂಗ. ಮದುವೆಯಾದಾಗಿನಿಂದ ಮಸ್ಕಿಯ ನಮ್ಮ ಪಡಸಾಲೆಯಲ್ಲಿ ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದವಳನ್ನು ಆನ್‌ಲೈನ್ ಪಾಠ ನಡೆಸುವ ಸಂಸ್ಥೆಯೊಂದು ಮೊದಲ ಸುತ್ತಿನಲ್ಲಿ ಆರಿಸಿತ್ತು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ತಪ್ಪಿದರೆ ಮತ್ತೆ ಕರೆಯುವ ಪದ್ಧತಿಯಿಲ್ಲ. ಹಿಂದೆಯೂ ಅವಳಿಗೆ ನೌಕರಿಯ ಅವಕಾಶ ಬಂದದ್ದುಂಟು. ಆಗೆಲ್ಲ ಯಾರದೋ ಬಾಣಂತನವೋ ಯಾರದೋ ಆಸ್ಪತ್ರೆಯೋ ಅಡ್ಡ ಬಂದಿತ್ತು. ಅದಕ್ಕೇ ಈ ಸಲ ಅವಳು ನೆರೆಯವರಿಗೂ ಹೇಳದೆ, ದೇವರಿಗೂ ಹರಕೆ ಹೊರದೆ, ಒಳಗೊಳಗೇ ತಯಾರಿ ನಡೆಸಿದ್ದಳು. ನನಗೆ ಒಪ್ಪಿಸಿದ್ದು ಒಂದೇ ಕೆಲಸ, ಕಂಪ್ಯೂಟರು.

ಸಿದ್ಧ ಕಂಪ್ಯೂಟರ್ ಕೊಳ್ಳುವುದು ನನ್ನ ಮನಸ್ಸಿಗೆ ಬರಲಿಲ್ಲ. ಮುಚ್ಚಿದ ಡಬ್ಬಿಯೊಳಗೆ ಏನಿದೆ ಎಂದು ಹಚ್ಚಿ ನೋಡುವುದು ಹೇಗೆ? ಹಾಗಾಗಿ ಒಂದೊಂದೇ ಭಾಗ ತಂದು, ಒಂದೊಂದನ್ನೂ ಅಂಗಡಿಯಲ್ಲೇ ಪರೀಕ್ಷಿಸಿ, ವಿಡಿಯೋ ನೋಡುತ್ತ ನಾನೇ ಜೋಡಿಸಿದೆ. ಗಿರಿಜಾಳ ಹೊಲಿಗೆ ಮಷೀನಿನ ಮೇಜಿನ ಮೇಲೆ ಅದು ಎದ್ದು ನಿಂತಿತು, ಗುಂಡಿ ಒತ್ತಿದರೆ ಫ್ಯಾನೂ ತಿರುಗಿತು. ಆದರೆ ಪರದೆ ಮಾತ್ರ ಕಪ್ಪಗೆ ಕುಳಿತು, ನನ್ನಲ್ಲಿ ಆಪರೇಟಿಂಗ್ ಸಿಸ್ಟಮ್ ಇಲ್ಲ ಎಂದಿತು. ಅದು ಬೇಕಾಗುತ್ತದೆ ಎಂದು ನನಗೆ ತಿಳಿದಿತ್ತು. ಅದರಲ್ಲಿಯೂ ಪಂಗಡ, ಒಳಪಂಗಡಗಳಿವೆ ಎಂದು ತಿಳಿದಿರಲಿಲ್ಲ.

ನಾನು ಲಿಂಗಸುಗೂರಿನ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವನು. ಗ್ರಾಹಕರ ಹಕ್ಕುಗಳು ಎಂಬ ಅಧ್ಯಾಯಕ್ಕೆ ಬಂದರೆ ನನ್ನ ದನಿ ತಾನಾಗಿಯೇ ಏರುತ್ತದೆ. ನನ್ನ ಸಮಸ್ಯೆಯನ್ನು ಸ್ಟಾಫ್ ರೂಮಿನಲ್ಲಿ ಬಿಚ್ಚಿದ್ದೇ ತಡ, ಎಲ್ಲರೂ ವೈದ್ಯರಾದರು. ಇಂಗ್ಲಿಷಿನವರು, ಮನೆಗೆ ತಾನೆ, ಹೋಮ್ ಎಡಿಷನ್ ಸಾಕು ಎಂದರು. ಇತಿಹಾಸದವರು ಅದನ್ನೆಲ್ಲ ಕೊಳ್ಳುವವರೂ ಇದ್ದಾರೆಯೇ ಎಂದು ನನ್ನನ್ನು ಪ್ರಾಚೀನ ಶಾಸನದಂತೆ ದಿಟ್ಟಿಸಿದರು. ಭೌತಶಾಸ್ತ್ರದವರು ಪುಕ್ಕಟೆ ಸಿಗುವ ಬೇರೊಂದು ಸಿಸ್ಟಮ್ಮಿನ ಭಕ್ತರು. ಅದರ ಮಹಿಮೆಯನ್ನು ವಿವರಿಸುತ್ತ ಬಸ್‌ಸ್ಟ್ಯಾಂಡಿನವರೆಗೂ ನನ್ನ ಜೊತೆ ನಡೆದು ಬಂದರು. ಆದರೆ ಸಂಸ್ಥೆಯವರ ಷರತ್ತು ಸ್ಪಷ್ಟವಾಗಿತ್ತು. ಪ್ರೊ ಎಡಿಷನ್ನೇ ಇರಬೇಕು, ಅದೂ ಅಸಲಿ ಇರಬೇಕು, ಆಕ್ಟಿವೇಟ್ ಆಗಿರಬೇಕು. ಇಲ್ಲದಿದ್ದರೆ ಅವರ ಪಾಠದ ತಂತ್ರಾಂಶ ಬಾಗಿಲೇ ತೆರೆಯುವುದಿಲ್ಲ. ಇಷ್ಟು ತಿಳಿದ ಮೇಲೂ ನಾನು ಇಡೀ ವಾರ ಹೋಮೋ ಪ್ರೊನೋ ಎಂದು ತೂಗುತ್ತ ಕೂತೆ. ಭಾನುವಾರ ಬಂದೇಬಿಟ್ಟಿತು. ಗಿರಿಜಾ ಬೆಳಿಗ್ಗೆ ನನ್ನ ಚಪ್ಪಲಿಯನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟಳು.

ಸಿಂಧನೂರಿನಲ್ಲಿ ಖಾಜಾಸಾಬರ ಅಂಗಡಿ ಇದೆ. ಮೊಬೈಲ್ ಕವರು, ಚಾರ್ಜರು, ಅವುಗಳ ನಡುವೆ ಅಷ್ಟಿಷ್ಟು ಕಂಪ್ಯೂಟರ್ ಸಾಮಾನು. ಪ್ರೊ ಕೇಳಿದಾಗ ಅವರು ಒಂದು ತೆಳ್ಳನೆಯ ಕಾರ್ಡು ಕೊಟ್ಟರು. ಸ್ವಂತ ಜೋಡಿಸುವವರಿಗಾಗಿಯೇ ಇರುವ ಅಗ್ಗದ ಬಗೆ, ಸ್ಟಾಕಿನಲ್ಲಿ ಇದೊಂದೇ ಉಳಿದಿದೆ ಎಂದರು. ತಿರುಗಿಸಿ ನೋಡಿದೆ. ಒಂದಿಷ್ಟು ಅಕ್ಷರ, ಒಂದಿಷ್ಟು ಅಂಕಿ, ಸಿಸ್ಟಮ್ಮನ್ನು ಆಕ್ಟಿವೇಟ್ ಮಾಡುವ ಕೀಲಿ ಅದೇ ಅಂತೆ. ಬಾರಿಸಲು ಸದ್ದಿಲ್ಲ, ಅಲ್ಲಾಡಿಸಲು ಒಳಗೇನೂ ಇಲ್ಲ. ನನ್ನೊಳಗಿನ ಅಪ್ಪ ಎದ್ದು ಕೂತರು. ಇದನ್ನು ಹಚ್ಚಿ ತೋರಿಸಿ ಎಂದೆ.

ಖಾಜಾಸಾಬರು ತಲೆ ಕೆರೆದುಕೊಂಡರು. "ಇದನ್ನ ಯಾರೂ ಹಚ್ಚಿ ತೋರ್ಸು ಅಂದಿಲ್ರಿ ಸರ್ ಇಲ್ಲೀತನಕ" ಎಂದರು. ಇಂಥ ಉತ್ತರಕ್ಕಾಗಿಯೇ ನಾನು ವರ್ಷವಿಡೀ ತರಗತಿಯಲ್ಲಿ ತಾಲೀಮು ಮಾಡುತ್ತಿರುತ್ತೇನೆ. ಖರೀದಿಗೆ ಮೊದಲು ವಸ್ತುವಿನ ಗುಣಮಟ್ಟ ತಿಳಿಯುವ ಹಕ್ಕಿನ ಬಗ್ಗೆ ಅಲ್ಲಿಯೇ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಸ್ಕ್ರೀನ್‌ಗಾರ್ಡ್ ಹಾಕಿಸಲು ಬಂದಿದ್ದವರು, ಸರ್ ಹೇಳುವುದು ಬರೋಬ್ಬರಿ ಐತಿ ಎಂದು ನನ್ನ ಪಕ್ಷ ವಹಿಸಿದರು. ಖಾಜಾಸಾಬರಿಗೂ ಕುತೂಹಲ ಹುಟ್ಟಿತು. ಹೊಸದಾಗಿ ತರಿಸಿ, ಇನ್ನೂ ಆಕ್ಟಿವೇಟ್ ಮಾಡದೆ, ಕೌಂಟರಿನ ಹಿಂದೆ ಇಟ್ಟಿದ್ದ ಅಂಗಡಿಯ ಕಂಪ್ಯೂಟರಿನಲ್ಲಿ, ನಾನು ಒಂದೊಂದೇ ಅಕ್ಷರ ಓದಿ ಹೇಳಿದ ಹಾಗೆ ಟೈಪು ಮಾಡಿದರು. ಪರದೆಯ ಮೇಲೆ ಒಂದು ಚಕ್ರ ತಿರುಗಿ ತಿರುಗಿ ನಿಂತು, ಆಕ್ಟಿವೇಟ್ ಆಯಿತು ಎಂಬ ಸಂದೇಶ ಮೂಡಿತು. ಎಲ್ಲರಿಗೂ ಖುಷಿಯಾಯಿತು, ಖಾಜಾಸಾಬರು ಚಹಾ ತರಿಸಿದರು. ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ನಾನು ಮಸ್ಕಿಯ ಬಸ್ಸು ಹತ್ತಿದೆ.

ಮನೆಯಲ್ಲಿ ಗಿರಿಜಾ ಪಾಠಕ್ಕೆ ಉಡುವ ನೀಲಿ ಸೀರೆಗೆ ಇಸ್ತ್ರಿ ಮಾಡಿ ಇಟ್ಟಿದ್ದಳು. ಸಂಜೆಯ ಹೊತ್ತಿಗೆ ಸಿಸ್ಟಮ್ಮು ಇಳಿಸಿ ಆಯಿತು, ಪರದೆಗೆ ಬಣ್ಣ ಬಂತು. ಕಾರ್ಡಿನ ಅಕ್ಷರಗಳನ್ನು ಹಾಕಿ, ನೋಡು ಈಗ, ಎಂದು ಅವಳನ್ನು ಪಕ್ಕಕ್ಕೆ ಕರೆದೆ. ಅವಳು ನೋಡಿದಳು, ನಾನೂ ನೋಡಿದೆ. ಈ ಕೀಲಿ ಈಗಾಗಲೇ ಇನ್ನೊಂದು ಯಂತ್ರದಲ್ಲಿ ಬಳಕೆಯಲ್ಲಿದೆ ಎಂದು ಬರೆದಿತ್ತು. ಮತ್ತೆ ಹಾಕಿದೆ. ಮತ್ತೆ ಅದೇ. ಖಾಜಾಸಾಬರಿಗೆ ಫೋನು ಹಚ್ಚಿ, ಏನ್ರಿ ಇದು, ಕೀಲಿ ಕೆಲಸ ಮಾಡುತ್ತಿಲ್ಲವಲ್ಲ ಎಂದು ದಬಾಯಿಸಿದೆ.

"ಅರೆ ಸರ್, ಹಂಗ್ಯಾಕಂತೀರಿ? ನಿಮ್ಮ ಮುಂದ ಹಚ್ಚೀವಲ್ರೀ, ಇಲ್ಲಿ ಇನ್ನೂ ಮಸ್ತ್ ಓಡಾಕತ್ತೈತಿ" ಎಂದರು ಅವರು, ನಿಜವಾದ ಹೆಮ್ಮೆಯಿಂದ.

ಆಗ ನನ್ನ ತಲೆಯಲ್ಲಿ ಬೆಳಕು ಬಿತ್ತು. ಹಚ್ಚಿ ನೋಡಿದ ಕೂಡಲೇ ಕೀಲಿ ಅಂಗಡಿಯ ಕಂಪ್ಯೂಟರಿನ ಪಾಲಾಗಿತ್ತು. ಸಿಸ್ಟಮ್ಮಿನ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಸಿಕ್ಕ ಒಬ್ಬಾಕೆ, ಈ ಬಗೆಯ ಕೀಲಿ ಒಮ್ಮೆ ಯಾವ ಯಂತ್ರದ ಮದರ್‌ಬೋರ್ಡಿಗೆ ಅಂಟಿಕೊಳ್ಳುತ್ತದೋ ಕೊನೆತನಕ ಅದಕ್ಕೇ, ಬಿಡಿಸಲು ಬರುವುದಿಲ್ಲ ಎಂದು ಬಹಳ ಸೌಜನ್ಯದಿಂದ ಹೇಳಿದಳು. ಇನ್ನೊಂದು ಕಾರ್ಡು ಬೇಕೆಂದರೆ ಖಾಜಾಸಾಬರಿಗೆ ಮಾಲು ಬರುವುದು ಗುರುವಾರ. ನೆಟ್ಟಿನಲ್ಲಿ ಕೊಳ್ಳೋಣವೆಂದರೆ ಅಸಲಿ ಯಾವುದು ನಕಲಿ ಯಾವುದು ಗೊತ್ತಾಗದು. ಹಚ್ಚಿ ನೋಡಿ ಕೊಳ್ಳೋಣ ಎನ್ನಲು ಆಗ ನನಗೆ ಬಾಯಿಯೇ ಇರಲಿಲ್ಲ. ಗಿರಿಜಾ ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಇಸ್ತ್ರಿ ಮಾಡಿದ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಅಂಚನ್ನು ಸವರುತ್ತ ಕೂತಳು. ಅಷ್ಟು ಹೆದರಿಕೆ ನನಗೆ ನನ್ನ ಪರೀಕ್ಷೆಗಳಲ್ಲಿಯೂ ಆಗಿರಲಿಲ್ಲ. ಈ ಸಲದ ಬಾಣಂತನ, ಈ ಸಲದ ಆಸ್ಪತ್ರೆ ನಾನೇ ಆಗಿದ್ದೆ.

ಸೀರೆಯನ್ನು ಪಕ್ಕಕ್ಕಿಟ್ಟು ಅವಳು ಕೇಳಿದಳು. "ಸಿಂಧನೂರಾಗ ಅದು ನಡ್ಯಾಕತ್ತೈತಿ ಹೌದಲ್ರಿ?"

ನಡೆಯುತ್ತಿದೆ ಎಂದೆ.

"ಹಂಗಾರ ಅದು ಇಲ್ಲಿಗೆ ಬರಾಂಗಿಲ್ಲಂದ್ರ ನಾವ ಅಲ್ಲಿಗೆ ಹೋಗೂಣು. ಮುಂಜಾನಿ ಬಸ್ಸಿಗೆ."

ಕ್ಯಾಮೆರಾ, ಮೈಕು ಎರಡನ್ನೂ ಬುತ್ತಿಯ ಚೀಲದಲ್ಲಿ ಹಾಕಿಕೊಂಡು ಬೆಳಿಗ್ಗೆ ಹೊರಟೆವು. ಒಂಬತ್ತಕ್ಕೆಲ್ಲ ಅಂಗಡಿ ತೆರೆಯುತ್ತೇನೆ ಎಂದು ಖಾಜಾಸಾಬರು ಮಾತು ಕೊಟ್ಟಿದ್ದರು. ಅವರ ಮನೆ ಇರುವುದು ಊರಾಚೆಯ ಜವಳಗೇರಾ ಹಳ್ಳಿಯಲ್ಲಿ. ನಾವು ಹೋಗಿ ನಿಂತಾಗ ಶಟರು ಮುಚ್ಚಿತ್ತು. ಒಂಬತ್ತು ಹೋಯಿತು, ಒಂಬತ್ತೂವರೆ ಹೋಯಿತು. ಫೋನು ಮಾಡಿದರೆ, ಭತ್ತದ ಹುಲ್ಲಿನ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ಬಿದ್ದಿದೆ, ಬಂದೆ ಬಂದೆ ಎಂದರು. ಗಿರಿಜಾ ಶಟರಿನ ಮುಂದೆ ನಿಂತು, ಕಣ್ಣು ಮುಚ್ಚಿ, ಭಿನ್ನರಾಶಿಯ ಪಾಠವನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ನಾನು ಶಟರಿನ ಬೀಗವನ್ನು ಜಗ್ಗಿ ನೋಡಿದೆ. ಅದು ಬಹಳ ಗಟ್ಟಿಯಾಗಿತ್ತು, ಖಾಜಾಸಾಬರೂ ಹಚ್ಚಿ ನೋಡಿಯೇ ತಂದಿರಬೇಕು.

ಅವರು ಬಂದಾಗ ಹತ್ತಕ್ಕೆ ಇನ್ನು ಸ್ವಲ್ಪವೇ ಉಳಿದಿತ್ತು. ಸಂಸ್ಥೆಯ ತಂತ್ರಾಂಶ ಇಳಿಯುತ್ತ ಇಳಿಯುತ್ತ ನಡುವೆ ಎರಡು ಸಲ ನಿಂತು ನಮ್ಮ ಉಸಿರನ್ನೂ ನಿಲ್ಲಿಸಿತು. ಕೊನೆಗೆ ಪ್ರೊ ಎಡಿಷನ್ನನ್ನು ಮೂಸಿ ನೋಡಿ, ಸಮಾಧಾನಪಟ್ಟು, ಬಾಗಿಲು ತೆರೆಯಿತು. ಗಿರಿಜಾಳ ಬೆನ್ನ ಹಿಂದೆ ತೂಗುತ್ತಿದ್ದ ಮೊಬೈಲ್ ಕವರುಗಳು ಕಾಣದಂತೆ ಖಾಜಾಸಾಬರು ಒಂದು ಬಿಳಿಯ ಬೆಡ್‌ಶೀಟು ಇಳಿಬಿಟ್ಟರು. ಪಾಠ ಶುರುವಾಯಿತು. ಒಳಗೆ ಯಾರೂ ಬಾರದಂತೆ ಕೌಂಟರಿನಲ್ಲಿ ನನ್ನನ್ನು ಕೂರಿಸಿ ಖಾಜಾಸಾಬರು ಹೊರಗೆ ನಿಂತು ಆಟೋದವರನ್ನು ಸುಮ್ಮನಾಗಿಸತೊಡಗಿದರು.

ಅಷ್ಟರಲ್ಲಿ ವಳಕಮದಿನ್ನಿಯ ಹಿರಿಯರೊಬ್ಬರು ಖಾಜಾಸಾಬರ ಕಣ್ಣು ತಪ್ಪಿಸಿ ಬಂದು ಒಂದು ಚಾರ್ಜರು ಕೇಳಿದರು. ಪಿಸುಮಾತಿನಲ್ಲಿಯೇ ವ್ಯಾಪಾರ ಮುಗಿಸಿ ತೆಗೆದುಕೊಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಹಚ್ಚಿ ತೋರಿಸು ಎಂದರು. ಅಂಗಡಿಯಲ್ಲಿದ್ದದ್ದು ಒಂದೇ ಪ್ಲಗ್ಗು, ಅದರಲ್ಲಿ ಗಿರಿಜಾಳ ನೌಕರಿ ಸಿಕ್ಕಿಸಿತ್ತು. ಹಚ್ಚಿ ತೋರಿಸಲು ಬರುವುದಿಲ್ಲ ಎಂದೆ.

"ಹಚ್ಚಿ ನೋಡದ ತಗೊಂಡ್ ಹೋಗಾಕ ನಾ ಏನ್ ಹುಚ್ಚ ಅದೀನೇನೋ ತಮ್ಮಾ?" ಎಂದವರೇ ಅವರು ಕೌಂಟರಿನ ಮೇಲಿಂದ ಬಾಗಿ ಆ ಪ್ಲಗ್ಗಿಗೇ ಕೈ ಹಾಕಿದರು. ನಾನು ಎರಡೂ ಕೈಯಿಂದ ಅವರ ಮುಂಗೈ ಹಿಡಿದುಕೊಂಡೆ. ಬೆಡ್‌ಶೀಟಿನ ಮುಂದೆ ಗಿರಿಜಾ ರೊಟ್ಟಿಯನ್ನು ಎಂಟು ಪಾಲು ಮಾಡುತ್ತಿದ್ದಳು, ದನಿ ಒಂದಿಷ್ಟೂ ಅಲುಗಲಿಲ್ಲ. ಹಿರಿಯರು ಮಾತ್ರ ಗಿರಾಕಿಗೆ ಇಷ್ಟೂ ಹಕ್ಕಿಲ್ಲವೇ ಎಂದು ನನ್ನನ್ನು ನೋಡುತ್ತಲೇ ಇದ್ದರು. ಅದು ನನ್ನದೇ ಅಧ್ಯಾಯ. ದಯವಿಟ್ಟು ಹೋಗಿಬಿಡಿ ಯಜಮಾನರೇ ಎಂದು ಕಣ್ಣಿನಲ್ಲೇ ಬೇಡಿಕೊಂಡೆ. ಅವರು ಚಾರ್ಜರನ್ನು ಅಲ್ಲೇ ಬಿಟ್ಟು ಪಕ್ಕದ ಅಂಗಡಿಗೆ ಹೋದರು.

ಪಾಠ ಮುಗಿಸಿ ಎದ್ದ ಗಿರಿಜಾಳ ಮುಖ ಬೆವರಿತ್ತು, ಆದರೆ ತಿಳಿಯಾಗಿತ್ತು. ಮಧ್ಯಾಹ್ನದೊಳಗೆ ತಿಳಿಸುತ್ತೇವೆ ಎಂದಿದ್ದರಂತೆ. ಹೊರಡುವಾಗ ಖಾಜಾಸಾಬರು ನಮ್ಮನ್ನು ಬೀಳ್ಕೊಡುತ್ತ, "ಗುರುವಾರ ಇನ್ನೊಂದು ಕಾರ್ಡ್ ಬರ್ತೈತ್ರಿ ಸರ್. ಬಂದ ಕೂಡ್ಲೇ ಹಚ್ಚಿ ನೋಡಿ ಇಡ್ಲೇನ್ರಿ?" ಎಂದು ಕೇಳಿದರು. ಅವರು ಚೇಷ್ಟೆ ಮಾಡುತ್ತಿರಲಿಲ್ಲ, ನನ್ನ ಮೇಲಿನ ಗೌರವದಿಂದಲೇ ಕೇಳಿದ್ದರು. ನನಗಿಂತ ಮೊದಲು ಗಿರಿಜಾ, ಬೇಡ ಅಣ್ಣಾ, ಹಂಗೇ ಇಡ್ರಿ ಎಂದಳು.

ಮಸ್ಕಿಯ ಬಸ್ಸಿನಲ್ಲಿ ಕೂತಾಗ ಅವಳ ಫೋನಿಗೆ ಸಂದೇಶ ಬಂತು. ಓದಿ, ಕಣ್ಣೊರೆಸಿಕೊಂಡು, ನನಗೂ ತೋರಿಸಿದಳು. ಪಾಠ ಎಲ್ಲರಿಗೂ ಹಿಡಿಸಿದೆ, ಒಂದು ತಿಂಗಳು ಪ್ರಯೋಗಕ್ಕೆ ಇಟ್ಟುಕೊಂಡು ನೋಡಿ ಆಮೇಲೆ ಖಾಯಂ ಮಾಡುತ್ತೇವೆ ಎಂದಿತ್ತು. ನಿನ್ನೆಯಿಂದ ಕಟ್ಟಿಕೊಂಡಿದ್ದ ಉಸಿರು ಒಮ್ಮೆಲೇ ಸಡಿಲಾಯಿತು, ಸಡಿಲಾದ ಕೂಡಲೇ ಸಿಟ್ಟು ಬಂತು. ಪ್ರಯೋಗಕ್ಕೆ ಎಂದರೇನು? ಮನುಷ್ಯರೇನು ಬಲ್ಬೇ, ಉರಿಸಿ ಆರಿಸಿ ನೋಡಲು? ಇಷ್ಟು ವರ್ಷದ ಅನುಭವಕ್ಕೆ ಬೆಲೆಯೇ ಇಲ್ಲವೇ ಎಂದು ಕಾಲುವೆ ದಾಟುವತನಕ ಮಾತಾಡಿದೆ. ಗಿರಿಜಾ ಕಿಟಕಿಯಾಚೆಯ ಗದ್ದೆಗಳನ್ನು ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ನೋಡ್ಲಿ ಬಿಡ್ರಿ. ನಿಮ್ಮಪ್ಪಾರೂ ನನಗ ಲೆಕ್ಕ ಹಾಕಿಸೇ ಮನಿಗೆ ತಂದಾರಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅವತ್ತ ನೀವು ಮೂಲ್ಯಾಗ ಕುಂತು ಒಗ್ಗರಣಿ ತಿನ್ನಾಕತ್ತಿದ್ರಿ. ನಮ್ಮಪ್ಪಗ ನಿಮ್ಮನ್ನ ಏನರ ಕೇಳ್ಬೇಕಂತ ಹೊಳೀಲಿಲ್ಲ. ನಮ್ಮ ಮನ್ಯಾಗ ಹಚ್ಚಿ ನೋಡದ ತಗೊಂಡಿದ್ದು ನಿಮ್ಮನ್ನೊಬ್ಬರನ್ನ" ಎಂದಳು.

ಕೊಂಡ ಮಾಲನ್ನು ವಾಪಸು ಕೊಡುವ ಅವಧಿ ಮುಗಿದು ಬಹಳ ವರ್ಷಗಳಾದವು ಎಂಬ ಧೈರ್ಯದ ಮೇಲೆ ನಾನು ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ.