ಕೈ ಒರೆಸುವ ಪೇಪರೂ ನಮ್ಮ ಕೊಡಗಿನ ಗಿರಾಕಿಗಳೂ

ನಗಬೇಕು ಅನ್ನಿಸಿದರೆ ಬೇರೆಯವರು ಟಿ.ವಿ. ಹಾಕುತ್ತಾರೆ, ನಾನು ಗಿರಾಕಿಗಳ ಹತ್ತಿರ ಹೋಗುತ್ತೇನೆ. ಒಂದು ವಾರವೂ ಬರಿಗೈಯಲ್ಲಿ ವಾಪಸ್ ಬಂದಿಲ್ಲ.

ಕುಶಾಲನಗರದಲ್ಲಿ ನಾನೂ ನಮ್ಮ ಮನೆಯವರೂ ಸೇರಿ ಆಫೀಸು, ಹೋಟೆಲು, ಕಾಂಪ್ಲೆಕ್ಸುಗಳ ಶೌಚಾಲಯಕ್ಕೆ ಬೇಕಾದ ಪೇಪರ್ ಸರಬರಾಜು ಮಾಡುತ್ತೇವೆ. ಟಾಯ್ಲೆಟ್ ರೋಲು, ಕೈ ಒರೆಸುವ ಪೇಪರು, ಅದನ್ನು ತುಂಬಿಡಲು ಗೋಡೆಗೆ ಹೊಡೆಯುವ ಪೆಟ್ಟಿಗೆ. ಪೆಟ್ಟಿಗೆಯನ್ನು ಪುಕ್ಕಟೆ ಕೊಡುತ್ತೇವೆ. ಜನ ಅದರಿಂದ ಪೇಪರ್ ಎಳೆದು, ಖಾಲಿ ಮಾಡಿ, ಮತ್ತೆ ತರಿಸಿಕೊಂಡರೆ ಮಾತ್ರ ನಮ್ಮ ಮನೆಯ ಒಲೆ ಉರಿಯುತ್ತದೆ. ಗಾಡಿ ಓಡಿಸುವುದು ಮನೆಯವರ ಕೆಲಸ, ಮಾತಾಡುವುದು ನನ್ನದು. ಹೆಂಗಸಿನ ಮುಂದೆ 'ಟಾಯ್ಲೆಟ್' ಎನ್ನಲಾರದೆ ಎಂಥೆಂಥ ಮಾಲೀಕರೂ ಸೂರು ನೋಡುತ್ತಾ, "ಅದೇ ಮೇಡಂ... ಆ ಬಿಳಿದು..." ಎಂದು ಬೆವರುತ್ತಾರೆ. ನಾನೂ ಬೇಕೆಂದೇ, "ಯಾವ ಬಿಳಿದು ಸರ್?" ಎನ್ನುತ್ತೇನೆ.

ಹೊಗೆಯ ಪರಿಮಳ

ಗಾಳಿಬೀಡು ರಸ್ತೆಯ ಒಂದು ಹೋಟೆಲಿಗೆ ಕೈ ಒರೆಸುವ ಪೇಪರ್ ಕೊಟ್ಟಿದ್ದೆ. ಜುಲೈ ತಿಂಗಳಲ್ಲಿ ಮಾಲೀಕರ ಫೋನು ಬಂತು.

"ಎಂಥ ಪೇಪರ್ ಕೊಟ್ಟಿದ್ದೀರಿ ಮೇಡಂ? ಕೈ ಒರೆಸುವ ಮೊದಲೇ ಒದ್ದೆ ಇರ್ತದಲ್ಲ!"

ಅಲ್ಲಿಯ ಮಳೆಗಾಲದಲ್ಲಿ ಡಬ್ಬಿಯೊಳಗಿನ ಉಪ್ಪೇ ನೀರಾಗುತ್ತದೆ, ಪೇಪರಿನ ಪಾಡೇನು! ದಪ್ಪದ್ದು ತಂದುಕೊಡುತ್ತೇನೆ, ಒಂದು ವಾರ ಸುಧಾರಿಸಿ ಎಂದೆ. ವಾರ ಬಿಟ್ಟು ದಪ್ಪ ಪೇಪರ್ ಹೊತ್ತುಕೊಂಡು ಹೋದರೆ, "ಬೇಡ, ಹಳೆಯದೇ ಕೊಡಿ, ಬೇಗ ಕೊಡಿ" ಎಂದರು. ನಡೆದದ್ದು ಇಷ್ಟೇ. ಅಡಿಗೆಯವರು ಪೇಪರ್ ಒಣಗಲಿ ಎಂದು ಸೌದೆ ಒಲೆಯ ಮೇಲೆ, ಹೊಗೆಗೆ ಕಟ್ಟಿದ ಹಂದಿಮಾಂಸದ ಪಕ್ಕದಲ್ಲೇ ಅದನ್ನೂ ನೇತುಹಾಕಿದ್ದರು. ಊಟಕ್ಕೆ ಬಂದ ಪ್ರವಾಸಿಗರು ಕೈ ತೊಳೆದು, ಪೇಪರಿನಲ್ಲಿ ಒರೆಸಿ, ಸುಮ್ಮನೆ ಒಮ್ಮೆ ಬೆರಳು ಮೂಸಿ ನೋಡುತ್ತಿದ್ದರಂತೆ.

"ಮೆನು ಕಾರ್ಡೇ ಕೇಳೋದಿಲ್ಲ ಮೇಡಂ," ಎಂದರು ಮಾಲೀಕರು. "ಕೈ ತೊಳೆದು ಬಂದವರೆಲ್ಲ ನೇರ ಹಂದಿ ಹುರಿದದ್ದೇ ಕೇಳ್ತಾರೆ!"

ಹೊಟ್ಟೆ ಕೆಟ್ಟ ಎಸ್ಟೇಟು

ಹುದಿಕೇರಿ ಕಡೆಯ ಒಂದು ಎಸ್ಟೇಟ್ ಆಫೀಸಿಗೆ ಒಮ್ಮೆ ರೋಲು ಹಾಕಿದರೆ ಎರಡು ತಿಂಗಳು ಬರುತ್ತಿತ್ತು. ಮಳೆ ಹಿಡಿದದ್ದೇ ತಡ, ವಾರಕ್ಕೇ ಖಾಲಿ. ನನಗೇನೋ ಖುಷಿಯೇ. ಆದರೆ ಹೊಸದಾಗಿ ಬಂದಿದ್ದ ಮ್ಯಾನೇಜರರಿಗೆ ಗಾಬರಿ. ಇಡೀ ಆಫೀಸಿಗೆ ಹೊಟ್ಟೆ ಕೆಟ್ಟಿದೆ ಎಂದು ತೀರ್ಮಾನಿಸಿ ನೀರಿನ ಟ್ಯಾಂಕು ತೊಳೆಸಿದರು, ಕ್ಯಾಂಟೀನಿನಲ್ಲಿ ಕಾಫಿ ನಿಲ್ಲಿಸಿ ಮಜ್ಜಿಗೆ ಕೊಡಿಸಿದರು. ಕಾಫಿ ತೋಟದಲ್ಲೇ ಕಾಫಿ ಇಲ್ಲ! ಪಾಪ, ಎಲ್ಲರೂ ಮುಖ ಹುಳಿ ಮಾಡಿಕೊಂಡು ಮಜ್ಜಿಗೆ ಕುಡಿದರು.

ನಾನು ರೋಲು ಇಳಿಸಲು ಹೋದಾಗ ರೈಟರು, ಅಂದರೆ ಎಸ್ಟೇಟಿನ ಲೆಕ್ಕ ನೋಡುವವರು, ಆಗಷ್ಟೇ ತೋಟ ಸುತ್ತಿ ಬಂದು ಪ್ಯಾಂಟು ಮಡಚಿ ನಿಂತಿದ್ದರು. ಮೊಣಕಾಲಿನ ಕೆಳಗೆಲ್ಲ ಬಿಳಿ ಬಿಳಿ ಚೂರು. ಜಿಗಣೆ ಕಚ್ಚಿದ ಕಡೆ ರಕ್ತ ನಿಲ್ಲಲು ಪೇಪರ್ ಚೂರು ಅಂಟಿಸುವುದು ನಮ್ಮಲ್ಲಿ ಎಲ್ಲರ ಅಭ್ಯಾಸ.

"ಮೊದಲು ನ್ಯೂಸ್ ಪೇಪರ್ ಹಾಕ್ತಿದ್ದೆವು ಮೇಡಂ," ಎಂದರು ರೈಟರು. "ನಿಮ್ಮದು ಮೆತ್ತಗಿದೆ, ಗಪ್ಪನೆ ಹಿಡೀತದೆ."

ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಮ್ಯಾನೇಜರರ ಮುಖ ಕೆಂಪಾಯಿತು. ಈಗ ಬೈಯುತ್ತಾರೆ, ನನ್ನ ವ್ಯಾಪಾರವೂ ಇಲ್ಲಿಗೆ ಮುಗಿಯಿತು ಎಂದು ನಾನು ಹೆದರಿದೆ. ಅವರು ನನ್ನನ್ನು ಬಾಗಿಲ ಮರೆಗೆ ಕರೆದು, ಕಾಲರ್ ಸರಿಸಿ ಕುತ್ತಿಗೆ ತೋರಿಸಿದರು. ಅಲ್ಲೂ ರಕ್ತ ಇಳಿಯುತ್ತಿತ್ತು.

"ಮೂರು ದಿನದಿಂದ ಹತ್ತಿ ಇಟ್ಟು ಸಾಕಾಯ್ತು," ಎಂದು ಪಿಸುಗುಟ್ಟಿದರು. "ಒಂದು ಚೂರು ಕೊಡಿ. ಮತ್ತೆ, ಆ ಮಜ್ಜಿಗೆ ವಿಷಯ ಎಲ್ಲೂ ಹೇಳಬೇಡಿ."

ಬಾರ್ಡರು ಇಲ್ಲವಾ?

ಶನಿವಾರಸಂತೆಯ ಬಟ್ಟೆ ವ್ಯಾಪಾರಿಯೊಬ್ಬರು, ಊರಿಗೆಲ್ಲ 'ಯಜಮಾನರು', ತಮ್ಮ ಅಂಗಡಿಯ ಮೇಲೆ ಮಹಡಿ ಕಟ್ಟಿಸಿದ್ದರು. ಅದಕ್ಕೆ ಬ್ಯಾಂಕೊಂದು ಬರುವ ಮಾತಾಗಿತ್ತು. ಶೌಚಾಲಯ ಅಚ್ಚುಕಟ್ಟಾಗಿರಬೇಕು, ನಮ್ಮ ಆಫೀಸರು ಬಂದು ನೋಡುತ್ತಾರೆ ಎಂದು ಬ್ಯಾಂಕಿನವರು ಷರತ್ತು ಹಾಕಿದ್ದರು. ಯಜಮಾನರಿಗೆ ನಿದ್ದೆ ಹತ್ತುತ್ತಿರಲಿಲ್ಲ. ನನಗೂ ಅಷ್ಟೇ. ಬ್ಯಾಂಕು ಬಂದರೆ ದಿನವಿಡೀ ಜನ, ಜನ ಬಂದರೆ ಕೈ ತೊಳೆಯುತ್ತಾರೆ, ತೊಳೆದರೆ ಒರೆಸುತ್ತಾರೆ!

ಮೂರು ತರದ ಪೇಪರ್ ಬಿಚ್ಚಿ ಅವರ ಮುಂದಿಟ್ಟೆ. ಯಜಮಾನರು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರು, ಬೆಳಕಿಗೆ ಹಿಡಿದರು, ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯಲ್ಲೂ ನೋಡಿದರು.

"ಬಾರ್ಡರ್ ಇರೋದು ಇಲ್ವೇನವ್ವ?"

"ಇಲ್ಲ ಯಜಮಾನ್ರೇ."

"ಹೋಗ್ಲಿ. ಎಷ್ಟು ಒಗತ ತಡೀತದೆ?"

"ಒಂದು ಸಲ ಒರೆಸಿ ಬಿಸಾಕೋದು ಯಜಮಾನ್ರೇ."

ಅವರು ನನ್ನನ್ನು ಬಹಳ ಮರುಕದಿಂದ ನೋಡಿದರು. "ಇಂಥ ಮಾಲು ಇಟ್ಕೊಂಡು ಅದೆಂಗವ್ವ ಸಂಸಾರ ಮಾಡ್ತೀಯ?"

ಆದರೂ ಇದ್ದುದರಲ್ಲಿ ಮೇಲಿನದನ್ನೇ ಆರಿಸಿದರು. ಪೆಟ್ಟಿಗೆಯನ್ನು ವಾಶ್ ಬೇಸಿನ್ ಪಕ್ಕದ ಗೋಡೆಗೆ ಹೊಡೆಸಿ ಬಂದೆ.

ಪೆಟ್ಟಿಗೆಗೆ ಹಾರ

ಆಫೀಸರ್ ಮೇಡಂ ಬರುವ ದಿನ ನಾನೂ ಹೋದೆ. ಮೆಟ್ಟಿಲು ಹತ್ತಿ ನೋಡಿದರೆ ಶೌಚಾಲಯದ ಬಾಗಿಲಲ್ಲಿ ಚಪ್ಪಲಿಗಳ ಸಾಲು. ಒಳಗಿಂದ ಊದುಬತ್ತಿಯ ಪರಿಮಳ. ನಾನೂ ಚಪ್ಪಲಿ ಬಿಟ್ಟು ಒಳಗೆ ಇಣುಕಿದೆ.

ಹೊಸ ಕತ್ತರಿ ಬರಲಿ, ಹೊಲಿಗೆ ಮಿಷನ್ನು ಬರಲಿ, ಪೂಜೆ ಮಾಡದೆ ಯಜಮಾನರು ಮುಟ್ಟಿದವರೇ ಅಲ್ಲ. ನನ್ನ ಪೆಟ್ಟಿಗೆಗೂ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ ಹಾರ ಬಿದ್ದಿತ್ತು. ಕೆಳಗಿನ ಬಾಯಲ್ಲಿ ಒಂದೇ ಒಂದು ಪೇಪರ್ ತುದಿ ಬೆಳ್ಳಗೆ ಇಣುಕುತ್ತಿತ್ತು. ಕೆಲಸದವರೆಲ್ಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೈ ಮುಗಿದು ಬರುತ್ತಿದ್ದರು.

ಮೇಡಂ ಬಂದರು. ಚಪ್ಪಲಿ ಸಾಲು ನೋಡಿ ಒಂದು ಗಳಿಗೆ ನಿಂತು, ತಾವೂ ಬಿಟ್ಟು ಒಳಗೆ ಹೋದರು. ನಲ್ಲಿಯ ಸದ್ದು ಕೇಳಿತು, ನಿಂತಿತು. ಮೇಡಂ ಮಾತ್ರ ಹೊರಗೆ ಬರಲಿಲ್ಲ. ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕೊನೆಗೆ ಮೇಡಂ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ಪೇಪರ್ ಇತ್ತಲ್ಲ ಮೇಡಂ?" ಎಂದೆ ನಾನು.

"ಇತ್ತು. ಆದರೆ ಪೂಜೆ ಆಗಿದೆಯಲ್ಲ, ಕೈ ಹಾಕಿ ಎಳೆಯೋಕೆ ಮನಸ್ಸು ಬರಲಿಲ್ಲ." ಆಮೇಲೆ ಯಜಮಾನರ ಕಡೆ ತಿರುಗಿ, "ಶೌಚಾಲಯವನ್ನು ಇಷ್ಟು ಚೊಕ್ಕಟವಾಗಿ ಇಟ್ಟುಕೊಂಡಿರೋ ಓನರ್‌ನ ನಾನು ನೋಡೇ ಇಲ್ಲ. ಕಟ್ಟಡ ನಮಗೆ ಒಪ್ಪಿಗೆ" ಎಂದರು.

ಬ್ಯಾಂಕು ಬಂತು. ಒಂದು ತಿಂಗಳು ಬಿಟ್ಟು ಗಾಡಿ ತುಂಬ ಪೇಪರ್ ಹೇರಿಕೊಂಡು ಹುರುಪಿನಿಂದ ಹೋದೆ. ಹಾರ ಸರಿಸಿ ಪೆಟ್ಟಿಗೆ ತೆಗೆದರೆ, ನಾನು ತುಂಬಿದ್ದ ಕಟ್ಟು ಹಾಗೆಯೇ ಕೂತಿದೆ! ಬ್ಯಾಂಕಿನವರೂ ಗಿರಾಕಿಗಳೂ ದಿನಾ ಪೆಟ್ಟಿಗೆಗೆ ಕೈ ಮುಗಿದು, ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಅಳು ಬರುವುದೊಂದು ಬಾಕಿ.

"ಯಜಮಾನ್ರೇ, ಪೂಜೆ ನಿಲ್ಲಿಸಿ, ನಿಮ್ಮ ದಮ್ಮಯ್ಯ. ಹೀಗಾದರೆ ನನ್ನ ವ್ಯಾಪಾರ ಮುಳುಗುತ್ತೆ."

"ಎಲ್ಲಾದ್ರೂ ಉಂಟಾ? ಬ್ಯಾಂಕು ತಂದ್ಕೊಟ್ಟ ಪೆಟ್ಟಿಗೆ ಕಣವ್ವ ಇದು!" ಎಂದು ಕೆನ್ನೆ ಬಡಿದುಕೊಂಡರು. ನನ್ನ ಸಪ್ಪೆ ಮುಖ ನೋಡಿ ಅವರಿಗೂ ಕರುಳು ಚುರಕ್ಕೆಂದಿರಬೇಕು. "ಬೇಜಾರ್ ಮಾಡ್ಕಬ್ಯಾಡ. ಕೆಳಗೆ ನಮ್ಮ ಅಂಗಡೀಗೂ ಒಂದು ಹಾಕ್ಬುಡು."

ನನಗೆ ಹೋದ ಜೀವ ಬಂದಂತಾಯಿತು. "ಯಾವ ಪೇಪರ್ ಹಾಕಲಿ ಯಜಮಾನ್ರೇ?"

"ಪೇಪರ್ ಯಾಕವ್ವ ದಂಡ?" ಎಂದರು. "ಬರೀ ಪೆಟ್ಟಿಗೆ ಸಾಕು."